ಕಾಲು ತೊಳೆಯುವ ಡಾಕ್ಟರು

ಪಶುಪತಿ ಡಾಕ್ಟರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ನಾನು ಅವರ ಪೇಷೆಂಟಾಗಿ ಮೂರು ವಾರ ಕಳೆದ ಮೇಲೆ. ಅಲ್ಲಿಯವರೆಗೆ ಅವರ ಲೆಕ್ಕಕ್ಕೆ ನಾನೊಂದು ಎಡಪಾದ. ಇದು ನನ್ನೊಬ್ಬಳ ಪಾಡಾಗಿರಲಿಲ್ಲ. ರಾಜಾಜಿನಗರದಲ್ಲಿ ಅವರ ಎದುರುಮನೆಯವರೇ ತರಕಾರಿ ಗಾಡಿಯ ಹತ್ತಿರ ಸಿಕ್ಕಿ "ನಮಸ್ಕಾರ ಡಾಕ್ಟ್ರೇ" ಅಂದರೂ ಅವರು ಮೊದಲು ನೆಲ ನೋಡಿ, ಚಪ್ಪಲಿ ನೋಡಿ, ಹಿಮ್ಮಡಿ ನೋಡಿ, ಆಮೇಲೆ "ಓ, ನೀವಾ" ಅನ್ನುತ್ತಿದ್ದರು. ಗುರುತು ಸಿಕ್ಕಿದ ಮೇಲೂ ಕತ್ತು ಮೇಲೆತ್ತುತ್ತಿದ್ದರು ಅನ್ನುವ ಖಾತರಿ ಇರಲಿಲ್ಲ.

ಬೆಳಿಗ್ಗೆ ಹೊತ್ತು ದೊಡ್ಡಾಸ್ಪತ್ರೆಯಲ್ಲಿ ಕೆಲಸ, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಮೂಳೆ ಕ್ಲಿನಿಕ್ಕು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಕಣ್ಣ ಕೆಳಗೆ ಯಾವಾಗಲೂ ನಿದ್ದೆಗೆಟ್ಟ ಊತ. ಕುರ್ಚಿಯಲ್ಲಿ ಕೂರುವಾಗ ಒಂದು "ಹೂಂ", ಏಳುವಾಗ ಒಂದು "ಹೂಂ". ಅವರು ನಕ್ಕಿದ್ದನ್ನು ನೋಡಿದವರು ಕಡಿಮೆ; ಅವರ ಮಾತಿಗೆ ನಾವು ನಗುತ್ತಿದ್ದೆವು, ಅವರು ಯಾಕೆ ನಗ್ತೀರಿ ಅನ್ನುವ ಹಾಗೆ ನಮ್ಮ ಮಂಡಿ ನೋಡುತ್ತಿದ್ದರು.

ಎಲ್ಲರ ಮನೆಯಲ್ಲೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕಾದರೆ ಇವರಲ್ಲಿ ಮಾತ್ರ ಹಾಕಿಕೊಂಡೇ ಒಳಗೆ ಬರಬೇಕು. "ಚಪ್ಪಲಿ ಹೊರಗೆ ಬಿಟ್ರೆ ಅರ್ಧ ಕಾಯಿಲೆ ಹೊರಗೇ ಬಿಟ್ಟು ಬಂದ ಹಾಗೆ. ನಾನು ಯಾವುದನ್ನ ನೋಡ್ಲಿ?" ಅನ್ನುತ್ತಿದ್ದರು. ಚಪ್ಪಲಿ ತಿರುವಿ ಹಾಕಿ, ಅಟ್ಟೆ ಎಲ್ಲಿ ಸವೆದಿದೆ ಅಂತ ಕಿಟಕಿಯ ಬೆಳಕಿಗೆ ಹಿಡಿಯುವರು. ಅವರ ತಾಯಿ ಮಡಿ ಹೆಂಗಸು. ಒಳಮನೆಯ ಬಾಗಿಲಿಗೆ ಅಡ್ಡ ನಿಂತು, "ಪಶುಪತೀ, ಓದಿಸಿದ್ದು ಡಾಕ್ಟ್ರಾಗ್ಲಿ ಅಂತಲೋ, ಚಪ್ಪಲಿ ರಿಪೇರಿ ಮಾಡ್ಲಿ ಅಂತಲೋ?" ಅಂತ ಪೇಷೆಂಟುಗಳ ಎದುರಿಗೇ ಕೇಳುವರು. ಡಾಕ್ಟರು ಅದಕ್ಕೂ ಒಂದು "ಹೂಂ" ಅಂದು ಇನ್ನೊಂದು ಚಪ್ಪಲಿ ಎತ್ತಿಕೊಳ್ಳುವರು.

ಹೆಸರು ಪಶುಪತಿಯಾದದ್ದರಿಂದ ಬೀದಿಯ ಹುಡುಗರ ಬಾಯಲ್ಲಿ ಅವರು ಪಶು ಡಾಕ್ಟ್ರು. ಇದನ್ನು ನಿಜವೆಂದೇ ನಂಬಿ ಕುರುಬರಹಳ್ಳಿಯ ಗೌಡರೊಬ್ಬರು ಒಂದು ಸಂಜೆ ಕುಂಟುವ ಹಸುವನ್ನು ಹೊಡೆದುಕೊಂಡು ಬಂದು ಗೇಟಿಗೆ ಕಟ್ಟಿದ್ದರಂತೆ. ಆಗ ಆ ಕಡೆಯೆಲ್ಲ ಇನ್ನೂ ಹೊಲ, ಕೊಟ್ಟಿಗೆ. ಡಾಕ್ಟರು ತಾನು ಆ ಡಾಕ್ಟರಲ್ಲ ಎಂದು ಹೇಳುವ ಗೋಜಿಗೂ ಹೋಗದೆ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಗೊರಸು ಹಿಡಿದು ನೋಡಿ, ಸಿಕ್ಕಿಕೊಂಡಿದ್ದ ಲಾಳದ ಮೊಳೆ ಕಿತ್ತು ಕಳಿಸಿದರಂತೆ. ಅವರ ಹತ್ತಿರ ಹೋಗುತ್ತಿದ್ದ ನಾವು ಡ್ಯಾನ್ಸ್ ಕಲಿಯುವ ಹುಡುಗಿಯರು ಎಲ್ಲಿ ನೋವು ಅಂತ ಹೇಳಲು ಸಂಕೋಚಪಟ್ಟಾಗಲೆಲ್ಲ ಈ ಹಸು ಮಾತಿಗೆ ಬರುತ್ತಿತ್ತು.

"ಅದು ಸುಳ್ಳು ಹೇಳ್ಲಿಲ್ಲ ಕಣಮ್ಮ. ನೋವಿರೋ ಜಾಗ ಮುಟ್ಟಿದ ತಕ್ಷಣ ಒದ್ದು ತೋರಿಸ್ತು. ನೀವು ಒದೆಯೋದೂ ಇಲ್ಲ, ಬಾಯಿ ಬಿಡೋದೂ ಇಲ್ಲ. ನಾನು ಪಶು ಡಾಕ್ಟ್ರೇ ಆಗ್ಬೇಕಿತ್ತು."

ಅವರಿಗೆ ಒಂದು ಶಬ್ದವನ್ನು ಕಂಡರೆ ಆಗುತ್ತಿರಲಿಲ್ಲ. ಅದು ಉಳುಕು. ಬೆನ್ನು ಹಿಡಿದುಕೊಂಡು ಬಂದವರು, ಕತ್ತು ತಿರುಗದೆ ಬಂದವರು, ಕಾಲು ಹೊರಳಿಸಿಕೊಂಡು ಬಂದವರು, ಯಾರೇ ಆಗಲಿ "ಉಳುಕಿದೆ ಡಾಕ್ಟ್ರೇ" ಅಂದರೆ ಸಾಕು, ಅವರ ದಣಿದ ದನಿಗೂ ಸ್ವಲ್ಪ ಜೀವ ಬರುತ್ತಿತ್ತು. "ಉಳುಕು ಅನ್ನೋದು ಕಾಯಿಲೆ ಹೆಸರಲ್ಲ. ಏನಾಗಿದೆ ಅಂತ ಗೊತ್ತಿಲ್ಲ ಅನ್ನೋದಕ್ಕೆ ನಾವಿಟ್ಕೊಂಡಿರೋ ಮರ್ಯಾದೆ ಹೆಸರು. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸಿ." ಕಾಲು ಮುಂದಾಗಿ ಹುಟ್ಟಿದವರ ಕೈಲಿ ತುಳಿಸಿಕೊಂಡರೆ ಉಳುಕು ಹೋಗುತ್ತದೆಂದು ಯಾರಾದರೂ ಹೇಳಿದರೆ, "ತುಳಿಸ್ಕೊಂಡು ಬನ್ನಿ, ಮುರಿದ ಮೇಲೆ ನನಗೆ ನೋಡೋದು ಸುಲಭ" ಅನ್ನುತ್ತಿದ್ದರು.

ಇಂಥವರ ಹತ್ತಿರ ನಾನು ಹೋದದ್ದು ಎಪ್ಪತ್ತರ ದಶಕದ ಒಂದು ದಸರೆ ಮುಗಿದ ಮಾರನೆಯ ದಿನ. ನನಗೆ ಆಗ ಹತ್ತೊಂಬತ್ತು. ಏಳನೆಯ ವಯಸ್ಸಿನಿಂದ ರಾಜಮ್ಮ ಟೀಚರ ಮನೆಯಲ್ಲಿ ಭರತನಾಟ್ಯ ಕಲಿಯುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ನನ್ನ ರಂಗಪ್ರವೇಶ ಎಂದು ಗೊತ್ತಾಗಿತ್ತು. ರಂಗಪ್ರವೇಶವೆಂದರೆ ಆ ಕಾಲದ ನಮ್ಮಂಥ ಮನೆಗಳಲ್ಲಿ ಮದುವೆಗೆ ಮುಂಚಿನ ಇನ್ನೊಂದು ಮದುವೆ. ಅಪ್ಪ ಕಾರ್ಖಾನೆಯ ಸ್ನೇಹಿತರಿಗೆಲ್ಲ ಬಾಯಿಮಾತಿನಲ್ಲೇ ಆಹ್ವಾನ ಕೊಟ್ಟು ಮುಗಿಸಿದ್ದರು. ಆದರೆ ಇದು ಅಪ್ಪನ ಆಸೆಯಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಕುಣಿಯುವುದನ್ನು ಬಿಟ್ಟು ನನಗೆ ಬೇರೇನೂ ಬೇಕಾಗಿರಲಿಲ್ಲ. ಓದು ಬೇಡ, ಟೈಪಿಂಗು ಬೇಡ, ಗಂಡು ಬೇಡ. ಟೀಚರ ಮನೆಯ ಕೆಂಪು ಗಾರೆ ನೆಲದ ಮೇಲೆ ಮಂಡಿ ಅರ್ಧ ಬಗ್ಗಿಸಿ ಅರೆಮಂಡಿಯಲ್ಲಿ ಕೂತು ಮೊದಲ ತಟ್ಟು ತಟ್ಟಿದಾಗ ಮೈಯಲ್ಲಿ ಏನೋ ಸರಿಯಾಗಿ ಕೂತ ಹಾಗೆ ಆಗುತ್ತಿತ್ತು. ಆ ಸುಖವನ್ನು ಆಮೇಲೆ ನಾನು ಬೇರೆಲ್ಲೂ ಕಾಣಲಿಲ್ಲ.

ನವರಾತ್ರಿಯಲ್ಲಿ ಯಾರದೋ ಗೊಂಬೆ ಮನೆಯಲ್ಲಿ ಕುಣಿದಿದ್ದೆ. ಪಾದಕ್ಕೆ ಹಚ್ಚಿದ ಅಲ್ತಾ ಇನ್ನೂ ಆರಿರಲಿಲ್ಲ ಅನ್ನುವಷ್ಟು ಕೆಂಪಾಗಿತ್ತು. ಅಂಚಿಗೆ ಮಾತ್ರ ಹಚ್ಚುವುದು ಪದ್ಧತಿಯಾದರೂ ನಮ್ಮಮ್ಮ ಉತ್ಸಾಹದಲ್ಲಿ ಅಂಗಾಲಿಗೂ ಬಳಿದಿದ್ದರು. ಮಾರನೆಯ ದಿನದ ಅಭ್ಯಾಸದಲ್ಲಿ, ತಿಲ್ಲಾನದ ಕೊನೆಗೆ ನೆಗೆದು ಇಳಿಯುವಾಗ ಸೀರೆಯ ಅಂಚು ಎಡಗಾಲ ಬೆರಳಿಗೆ ಸಿಕ್ಕಿತು. ಹಿಮ್ಮಡಿ ಮೇಲಿದ್ದ ಹಾಗೆಯೇ, ಬೆರಳು ಮಡಚಿಕೊಂಡೇ, ಮೈಭಾರವೆಲ್ಲ ಪಾದದ ನಡುವಿನ ಮೇಲೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಟೀಚರು ತಾಳದ ತಟ್ಟುಕೋಲು ನಿಲ್ಲಿಸಿ, "ಎದ್ದೇಳೇ, ಏನಾಗಿಲ್ಲ" ಅಂದರು. ಎದ್ದೆ.

ಮನೆಗೆ ಬರುವ ಹೊತ್ತಿಗೆ ಪಾದದ ಮೇಲ್ಭಾಗ ಊದಿತ್ತು. ಅಮ್ಮ ರಕ್ತಬೋಳ ತೇಯ್ದು ಬಳಿದು, ಅದರ ಮೇಲೆ ಹುಣಸೆಹಣ್ಣು ಉಪ್ಪು ಕುದಿಸಿ ಬಿಸಿಬಿಸಿಯಾಗಿ ಪಟ್ಟು ಹಾಕಿದರು. ಮರುದಿನ ಡಾಕ್ಟರ ಹತ್ತಿರ ಹೋಗುವಾಗ ನನ್ನ ಕಾಲಿಗೆ ಕೆಂಪು, ಕಂದು, ಕಪ್ಪು ಎಲ್ಲ ಬಣ್ಣವೂ ಇತ್ತು, ಕಾಲಿನ ಬಣ್ಣವೊಂದನ್ನು ಬಿಟ್ಟು.

ಆವತ್ತು ಡಾಕ್ಟರು ಬಂದದ್ದೇ ತಡವಾಗಿ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಯಾರದೋ ಕೈ ಪ್ರೆಸ್ಸಿಗೆ ಸಿಕ್ಕಿ, ಅವನನ್ನು ಆಸ್ಪತ್ರೆಗೆ ಸೇರಿಸಿ ನೇರ ಬಂದಿದ್ದರು. ಶರಟಿನ ತೋಳಿನ ಮೇಲೆ ರಕ್ತದ ಕಲೆ ಇತ್ತು. ಹೊರಗೆ ಕಲ್ಲು ಬೆಂಚಿನ ತುಂಬ ಜನ. ಅವರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹರಡಿನ, ಅಂದರೆ ಕಾಲ ಗಂಟಿನ, ಎರಡೂ ಕಡೆ ಒತ್ತಿದರು. ಅಲ್ಲಿ ನೋವಿರಲಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬರಲು ಕಳಿಸಿದರು. ಮೇಜಿನ ಮೇಲೆ ಮಲಗಿಸಿ ತೆಗೆದ ಆ ಫಿಲ್ಮಿನಲ್ಲಿ ಎಲ್ಲಾ ಮೂಳೆಯೂ ಅದರದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

"ಮುರಿದಿಲ್ಲ" ಅಂದರು.

"ಉಳುಕಿರಬೇಕು ಅಲ್ವಾ ಡಾಕ್ಟ್ರೇ?" ಎಂದು ಅಮ್ಮ ಕೇಳಿದರು. ಕೇಳಿದ ಮೇಲೆ ಬೈಗುಳ ಬೀಳುತ್ತದೆಂದು ನಾಲಿಗೆ ಕಚ್ಚಿಕೊಂಡರು.

ಬೈಯಲಿಲ್ಲ. "ಹೂಂ, ಉಳುಕೇ ಇರ್ಬೇಕು. ಬಟ್ಟೆ ಬಿಗಿಯಾಗಿ ಕಟ್ಕೊಂಡು ಹದಿನೈದು ದಿನ ಕೂತಿರ್ಲಿ" ಅಂದರು. ಬಣ್ಣದ ಕಾಲನ್ನು ಹಾಗೇ ಸುತ್ತಿ ಕಳಿಸಿದರು. ಹೊರಗೆ ಬಂದು ಅಮ್ಮ, "ಅಬ್ಬ, ಇವತ್ತು ಒಳ್ಳೇ ಮೂಡಲ್ಲಿದ್ರು ಕಣೇ" ಎಂದು ಖುಷಿಪಟ್ಟರು.

ಹದಿನೈದು ದಿನ ಕಳೆದು ಟೀಚರ ಮನೆಗೆ ಹೋದೆ. ಊತ ಇಳಿದಿತ್ತು, ಮೆಲ್ಲಗೆ ನಡೆಯುತ್ತಿದ್ದೆ. ತಟ್ಟಿದರೆ ನೋವು ತಡೆಯಬಹುದಿತ್ತು. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತರೆ ಮಾತ್ರ ಪಾದದ ನಡುವೆ ಯಾರೋ ಕತ್ತರಿ ಬಿಡಿಸಿದ ಹಾಗಾಗುತ್ತಿತ್ತು. ಒಂದು ವಾರ ಹಲ್ಲು ಕಚ್ಚಿಕೊಂಡೆ. ಕೊನೆಗೆ ಆಗುವುದಿಲ್ಲ ಟೀಚರ್ ಅಂದೆ. ನೆಲ ತುಂಬ ಗಟ್ಟಿ ಅನ್ನಿಸುತ್ತದೆ ಅಂತಲೂ ಒಂದು ಮಾತು ಸೇರಿಸಿದೆ, ಅದೇ ತಪ್ಪಾಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು ಟೀಚರು, ಚಿಕ್ಕ ಮಕ್ಕಳ ಎದುರಿಗೇ. "ನಿನ್ನ ಅರೆಮಂಡಿ ಸರಿಯಾಗಿದ್ದಿದ್ರೆ ಬೀಳ್ತಾನೇ ಇರ್ಲಿಲ್ಲ. ಡಾಕ್ಟ್ರೇ ಉಳುಕು ಅಂದ ಮೇಲೆ ಇನ್ನೇನೇ ನಿಂದು?"

ಟೀಚರು ಕೆಟ್ಟವರಲ್ಲ. ಅವರಿಗೂ ಮಂಡಿ ನೋವಿತ್ತು, ಅದನ್ನು ಯಾರಿಗೂ ಹೇಳದೆ ಕಲಿಸುತ್ತಿದ್ದರು. ತಾನು ಸಹಿಸಿದ್ದನ್ನು ಇತರರೂ ಸಹಿಸಲಿ ಎನ್ನುವುದು ಆ ಪೀಳಿಗೆಯ ಪಾಠವೇ ಆಗಿತ್ತು. ಆದರೆ ಆ ಗಾದೆ ನನ್ನೊಳಗೆ ಇಳಿದು ಕೂತುಬಿಟ್ಟಿತು. ಆವತ್ತಿನಿಂದ ನೋವಾದಾಗಲೆಲ್ಲ ನಾನೇ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸತೊಡಗಿತು.

ದೀಪಾವಳಿಯ ಹೊತ್ತಿಗೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಬಟ್ಟೆ ಬಿಚ್ಚಿ, ಊತವಿಲ್ಲದ ಪಾದ ನೋಡಿ, "ಹೂಂ, ಇಳಿದಿದೆ. ಇನ್ನೊಂದು ವಾರ ನೋಡೋಣ" ಅಂದರು. ನಾವು ಎದ್ದೆವು.

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡವರು ಚಿಕ್ಕವರ ಕಾಲು ಮುಟ್ಟಬಾರದು. ಮುಟ್ಟಿದರೆ ಚಿಕ್ಕವರು ತಿರುಗಿ ಅವರ ಕಾಲಿಗೆ ಬಿದ್ದು ಲೆಕ್ಕ ಚುಕ್ತಾ ಮಾಡಬೇಕು. ಹಾಗಾಗಿ ಪಶುಪತಿ ಡಾಕ್ಟರು ಯಾವ ಹುಡುಗಿಯ ಕಾಲು ನೋಡಿದರೂ ಅವಳು ಹೋಗುವಾಗ ನಮಸ್ಕಾರ ಮಾಡಿಯೇ ಹೋಗುವಳು. ಇದು ಅವರಿಗೆ ದಿನನಿತ್ಯದ ಕಾಟ. "ಬೇಡ, ಬೇಡ. ನಿಮ್ಮ ನಮಸ್ಕಾರ ತಗೊಂಡೇ ನನ್ನ ಸೊಂಟ ಹೋಯ್ತು" ಎಂದು ಎರಡೂ ಕೈ ಆಡಿಸುತ್ತ ಗೋಡೆಗೆ ಸರಿಯುವರು. ನಾವು ಡ್ಯಾನ್ಸಿನವರು ನಮಸ್ಕಾರ ಮಾಡುವುದು ಒಂದೇ ಥರ: ಮಂಡಿ ಅಗಲಿಸಿ, ಹಿಮ್ಮಡಿ ಎತ್ತಿ, ಬೆರಳ ಮೇಲೆ ಪೂರ್ತಿ ಕೂತು ಕೈ ಚಾಚುವುದು. ಭೂಮಿಗೆ ದಿನಾ ಹಾಗೆಯೇ ಮಾಡಿ ಅಭ್ಯಾಸ.

ನಾನು ಆವತ್ತು ನಮಸ್ಕಾರಕ್ಕೆ ಬಗ್ಗಿದೆ. ಎಡಗಾಲು ಬೆರಳ ಮೇಲೆ ನಿಲ್ಲಲಿಲ್ಲ. ಅದನ್ನು ಹಿಂದಕ್ಕೆ ಜಾರಿಸಿ, ಮೇಜಿನ ಅಂಚು ಹಿಡಿದುಕೊಂಡು, ಬಲಗಾಲ ಮೇಲೆ ಹೇಗೋ ಕೆಳಗಿಳಿದೆ. ಗೋಡೆಗೆ ಸರಿಯುತ್ತಿದ್ದ ಡಾಕ್ಟರ ಕೈ ಅಲ್ಲೇ ನಿಂತಿತು.

"ಇನ್ನೊಂದ್ಸಲ ಮಾಡು" ಅಂದರು.

ಅಮ್ಮನ ಮುಖ ಅರಳಿತು. ಇಷ್ಟು ವರ್ಷಕ್ಕೆ ಡಾಕ್ಟರಿಗೆ ಮರ್ಯಾದೆಯ ಆಸೆ ಬಂತಲ್ಲ ಎಂದುಕೊಂಡಿರಬೇಕು. "ಮಾಡೇ, ದೊಡ್ಡೋರು ಕೇಳ್ತಿದಾರೆ" ಎಂದು ನನ್ನನ್ನು ತಿವಿದರು. ನಾನು ಮತ್ತೆ ಹಾಗೆಯೇ ಬಗ್ಗಿದೆ.

"ಹಾಗಲ್ಲ. ಎಡಗಾಲನ್ನೂ ಬೆರಳ ಮೇಲೆ ನಿಲ್ಲಿಸಿ ಮಾಡು."

ನಿಲ್ಲಿಸಿದೆ. ಬಾಯಿಂದ ಬಂದ ಕೂಗು ಬೀದಿಗೆ ಕೇಳಿರಬೇಕು. ಡಾಕ್ಟರು ಆಗಲೇ ನೆಲದ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಹಿಮ್ಮಡಿಯನ್ನು ಅಲುಗದ ಹಾಗೆ ಹಿಡಿದು ಇನ್ನೊಂದು ಕೈಯಲ್ಲಿ ಪಾದದ ಮುಂಭಾಗವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಮೂಳೆಗಳು ಮೇಲೆ ಬಂದು ಸೇರುವ ಕಡೆ, ಪಾದದ ನಟ್ಟನಡುವೆ, ಒಂದೇ ಬೆರಳಿಟ್ಟು ಒತ್ತಿದರು. ಹಸು ಒದ್ದ ಹಾಗೆ ನಾನೂ ಒದ್ದುಬಿಟ್ಟೆ.

"ಅವತ್ತು ಬಿದ್ದಾಗ ಅಂಗಾಲು ನೀಲಿಗಟ್ಟಿತ್ತಾ?" ಅವರು ಅಮ್ಮನನ್ನು ಕೇಳಿದರು. ಅವರ ದನಿ ಸಣ್ಣದಾಗಿತ್ತು.

"ಆಗಿತ್ತು ಡಾಕ್ಟ್ರೇ. ಮೂರ್ನಾಲ್ಕು ದಿನ ಆದ ಮೇಲೆ ತೊಳೆದಾಗ ನೋಡ್ದೆ. ಅಲ್ತಾನೂ ರಕ್ತಬೋಳಾನೂ ಸೇರಿ ಬಣ್ಣ ಇಳಿದಿದೆ ಅಂದ್ಕೊಂಡೆ. ಸೀಗೆಪುಡಿ ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ, ಆಮೇಲೆ ಅದಾಗದೇ ಹೋಯ್ತು."

ಡಾಕ್ಟರು ನೆಲದಿಂದ ಎದ್ದರು. ಹೊರಗೆ ಕಾಯುತ್ತಿದ್ದವರಿಗೆ ನಾಳೆ ಬನ್ನಿ ಎಂದು ಹೇಳಿ, ಬಾಗಿಲು ಹಾಕಿಕೊಂಡು, ನಮ್ಮ ಜೊತೆ ತಾವೇ ಎಕ್ಸ್‌ರೇ ಕೋಣೆಗೆ ಆಟೋದಲ್ಲಿ ಬಂದರು. ಹೊರಡುವ ಮುಂಚೆ ಒಳಗೆ ಹೋಗಿ ಒಂದು ಊಟದ ಮಣೆ ತಂದರು. "ಅದು ನನ್ನ ಮಡಿ ಮಣೆ ಕಣೋ!" ಎಂದು ಅವರ ತಾಯಿ ಕೂಗಿದ್ದು ಆಟೋ ತಿರುಗುವವರೆಗೂ ಕೇಳುತ್ತಿತ್ತು.

ಎಕ್ಸ್‌ರೇ ತೆಗೆಯುವವರು ಎಂದಿನಂತೆ ಮಲಗಿಸಲು ಹೊರಟರು. "ಮಲಗಿಸಬೇಡಿ, ನಿಲ್ಲಿಸಿ ತೆಗೀರಿ" ಅಂದರು ಡಾಕ್ಟರು. ನಿಂತರೆ ಪ್ಲೇಟು ಒಡೆಯುತ್ತೆ ಸಾರ್ ಅಂತ ಅವರು, ಅದಕ್ಕೇ ಮಣೆ ತಂದಿದೀನಿ ಅಂತ ಇವರು. ಕೊನೆಗೆ ಪ್ಲೇಟಿನ ಎರಡೂ ಪಕ್ಕ ಇಟ್ಟಿಗೆ ಆಸರೆ ಕೊಟ್ಟು, ಮಣೆ ಹಾಸಿ, ಅದರ ಮೇಲೆ ನನ್ನನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿದರು. "ಎಡಗಾಲ ಮೇಲೆ ಭಾರ ಬಿಡು. ಬಿಟ್ಯಾ? ಸುಳ್ಳು ಹೇಳ್ಬೇಡ. ಪೂರ್ತಿ ಬಿಡು." ಬಿಟ್ಟೆ. ಅಮ್ಮ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು.

ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದು ಡಾಕ್ಟರು ನನಗೇ ತೋರಿಸಿದರು. ಬಲಪಾದದಲ್ಲಿ ಹೆಬ್ಬೆರಳ ಮೂಳೆಯ ಬುಡವೂ ಪಕ್ಕದ್ದರ ಬುಡವೂ ಅಂಟಿಕೊಂಡಿದ್ದವು. ಎಡಪಾದದಲ್ಲಿ ಅವೆರಡರ ನಡುವೆ ಬೆಳಕು ಕಾಣುತ್ತಿತ್ತು. ಒಂದು ಅಕ್ಕಿಕಾಳು ಹಿಡಿಯುವಷ್ಟು ಸಂದು.

"ಈ ಎರಡನೇ ಮೂಳೆ ನೋಡು, ಬಾಗಿಲ ಅಗಳಿ ಥರ ಒಳಗೆ ಸಿಕ್ಕಿಸ್ಕೊಂಡಿರುತ್ತೆ. ಇಡೀ ಪಾದ ನಿಂತಿರೋದು ಇದರ ಮೇಲೆ. ಇದನ್ನ ಹಿಡ್ಕೊಂಡಿರೋ ಲಿಗಮೆಂಟು ಕಿತ್ತಿದೆ. ಮಲಗಿದ್ರೆ ಬಾಗಿಲು ಮುಚ್ಚಿದ ಹಾಗೇ ಕಾಣುತ್ತೆ. ನಿಂತ್ರೆ ತೆರೆದುಕೊಳ್ಳುತ್ತೆ."

ಆಮೇಲೆ ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಆಗಲೇ ನನಗೂ ಗೊತ್ತಾದದ್ದು, ಅವರ ಕಣ್ಣು ಕಂದು ಬಣ್ಣ ಎಂದು.

"ಅಂಗಾಲು ನೀಲಿಗಟ್ಟೋದು ಈ ಪೆಟ್ಟಿನ ಗುರುತು. ನಾನು ಅವತ್ತು ಬಣ್ಣ ತೊಳೆದು ನೋಡ್ಬೇಕಿತ್ತು. ನಿಲ್ಲಿಸಿ ನೋಡ್ಬೇಕಿತ್ತು. ಎರಡೂ ಮಾಡ್ಲಿಲ್ಲ. ತಪ್ಪಾಯ್ತಮ್ಮ."

ಅಮ್ಮ ಗಾಬರಿಯಾಗಿ, "ಅಯ್ಯೋ, ನೀವೇನು ಮಾಡ್ತೀರಿ ಡಾಕ್ಟ್ರೇ, ಎಲ್ಲಾ ನಮ್ಮ ಹಣೆಬರಹ" ಅಂದರು. "ಹಣೆಬರಹ ನೋಡೋದು ನನ್ನ ಕೆಲಸ ಅಲ್ಲ. ಅಂಗಾಲು ನೋಡೋದು ನನ್ನ ಕೆಲಸ" ಅಂದರು ಡಾಕ್ಟರು. ಡಾಕ್ಟರೊಬ್ಬರು ಹೀಗೆ ತಪ್ಪೊಪ್ಪಿಕೊಂಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಆಪರೇಷನ್ ಮಾಡಿ ಎರಡು ಕಂಬಿ ಹಾಕಿದರು, ಮಂಡಿಯವರೆಗೆ ಪ್ಲಾಸ್ಟರಿನ ಕಟ್ಟು. ಸಂಕ್ರಾಂತಿ ಬಂದು ಹೋಯಿತು. ಎಳ್ಳು ಬೀರಲು ಬಂದ ಹೆಂಗಸರೆಲ್ಲ ನನ್ನ ಕಾಲು ನೋಡಿ, ದೃಷ್ಟಿ ಅಂತ ಒಬ್ಬರು, ಗೆಜ್ಜೆಪೂಜೆ ಸರಿಯಾಗಿ ಮಾಡಿಸಿರಲಿಲ್ಲ ಅಂತ ಇನ್ನೊಬ್ಬರು, ತಲೆಗೊಂದು ಕಾರಣ ಕೊಟ್ಟು ಹೋದರು. ನಾನು ಗೋಡೆಗೊರಗಿ ಕೂತು ದಿನ ದೂಡಿದೆ. ಅಷ್ಟು ಸುಸ್ತನ್ನು ಕುಣಿದಾಗಲೂ ಕಂಡಿರಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಕ್ಲಿನಿಕ್ಕಿಗೆ ಹೋದಾಗ ಅಲ್ಲಿ ಒಂದು ಹೊಸ ವಸ್ತು ಬಂದಿತ್ತು: ಬಿಳಿ ಪಿಂಗಾಣಿ ಬೇಸಿನ್ನು, ಪಕ್ಕದಲ್ಲಿ ಸೋಪು, ಒಂದು ಚೆಂಬು. ಕಾಲಿನ ನೋವೆಂದು ಯಾವ ಹುಡುಗಿ ಬಂದರೂ ಡಾಕ್ಟರು ಮೊದಲು ಸ್ಟೂಲಿನ ಮೇಲೆ ಕೂರಿಸಿ, ತಾವೇ ಕೆಳಗೆ ಕೂತು, ಕಾಲು ತೊಳೆಯುತ್ತಿದ್ದರು. ಅಲ್ತಾ, ಅರಿಶಿನ, ಎಣ್ಣೆ, ಪಟ್ಟು ಏನಿದ್ದರೂ ಹೋಗುವವರೆಗೆ. ಆಮೇಲೆ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡುವುದು, ಆಮೇಲೆ ನಮಸ್ಕಾರ ಮಾಡಿಸುವುದು. ಬೇಡ ಬೇಡ ಅನ್ನುತ್ತಿದ್ದ ಮನುಷ್ಯ ಈಗ ಕೇಳಿ ಕೇಳಿ ಮಾಡಿಸಿಕೊಳ್ಳುತ್ತಿದ್ದರು.

ನಮ್ಮ ಕಡೆ ಕಾಲು ತೊಳೆಸಿಕೊಳ್ಳುವ ಭಾಗ್ಯ ಇರುವುದು ಮದುವೆ ಗಂಡಿಗೆ, ಅದೂ ಒಂದೇ ದಿನ. ವಯಸ್ಸಾದ ಡಾಕ್ಟರು ಹೆಣ್ಣುಮಕ್ಕಳ ಕಾಲು ತೊಳೆಯುತ್ತಾರೆಂದರೆ ತಾಯಂದಿರಿಗೆ ಜೀವವೇ ಹೋದ ಹಾಗೆ. "ನಾನೇ ತೊಳೀತೀನಿ ಕೊಡಿ ಡಾಕ್ಟ್ರೇ" ಅನ್ನುವರು. "ಪರೀಕ್ಷೆ ಮಾಡೋದೂ ನೀವೇ ಮಾಡ್ತೀರಾ?" ಎಂದು ಇವರು ಚೆಂಬು ಬಿಡುತ್ತಿರಲಿಲ್ಲ. ಬಡಾವಣೆಯಲ್ಲಿ ಪಶು ಡಾಕ್ಟ್ರು ಅನ್ನುವ ಹೆಸರು ಹೋಗಿ ಕಾಲು ತೊಳೆಯೋ ಡಾಕ್ಟ್ರು ಅನ್ನುವ ಹೆಸರು ಬಂತು. ಅವರ ತಾಯಿ ಮಾತ್ರ ಈ ವಿಷಯಕ್ಕೆ ಬೈದದ್ದನ್ನು ನಾನು ಕೇಳಲಿಲ್ಲ. ಒಂದು ದಿನ ಬಿಸಿನೀರಿನ ತಂಬಿಗೆಯನ್ನು ಅವರೇ ಹೊಸ್ತಿಲಿಗೆ ತಂದಿಟ್ಟು ಹೋದರು.

ನನ್ನ ರಂಗಪ್ರವೇಶ ಒಂದೂವರೆ ವರ್ಷ ತಡವಾಗಿ ಬಡಾವಣೆಯ ಶಾಲೆಯೊಂದರ ಸಭಾಂಗಣದಲ್ಲಿ ಆಯಿತು. ಡಾಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅದಕ್ಕೆ ಮುಂಚೆ ಅವರು ಒಂದು ಡ್ಯಾನ್ಸನ್ನೂ ನೋಡಿದವರಲ್ಲ. ವರ್ಣದಲ್ಲಿ ನಾನು ಕಣ್ಣೀರು ತಂದುಕೊಂಡು ವಿರಹ ತೋರಿಸುತ್ತಿದ್ದರೆ ಇಡೀ ಸಭೆ ನನ್ನ ಮುಖ ನೋಡುತ್ತಿತ್ತು, ಅವರೊಬ್ಬರು ನೆಲ ನೋಡುತ್ತಿದ್ದರು. ತಿಲ್ಲಾನ ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ಟೀಚರು ನನ್ನನ್ನು ತಬ್ಬಿಕೊಂಡು ಅತ್ತರು.

ಡಾಕ್ಟರು ಪರದೆಯ ಹಿಂದೆ ಬಂದು ನನ್ನ ಪಕ್ಕದಲ್ಲಿ "ಹೂಂ" ಎಂದು ಕೂತರು. "ಹಾಡು ನನಗೆ ತಿಳಿಯಲ್ಲಮ್ಮ. ಎಲ್ಲರೂ ಚೆನ್ನಾಗಿತ್ತು ಅಂತಿದಾರೆ. ನಾನು ಎಡಗಾಲು ನೋಡ್ತಾ ಇದ್ದೆ. ಅರ್ಧದ ಮೇಲೆ ಅದು ಕೆಲಸ ಮಾಡ್ಲಿಲ್ಲ. ಬಲಗಾಲು ಎರಡರ ಕೆಲಸ ಮಾಡ್ತು. ಕೀಲು ಸವೀತಾ ಇದೆ. ಇನ್ನು ಸಾಕು."

"ಇವತ್ತಿನ ದಿನ ಇಂಥ ಮಾತಾಡ್ಬಾರ್ದು ಡಾಕ್ಟ್ರೇ" ಎಂದು ಟೀಚರು ಸಿಡುಕಿದರು.

"ಹೇಳ್ಬೇಕಾದ ದಿನ ಹೇಳದೆ ಇದ್ದಿದ್ದಕ್ಕೆ ಇಷ್ಟೆಲ್ಲ ಆಯ್ತಲ್ಲ" ಅಂದರು ಡಾಕ್ಟರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈತುಂಬ ಒಡವೆ, ತಲೆತುಂಬ ಹೂವು, ಮೈಯೆಲ್ಲ ಬೆವರು. ಆ ಗಳಿಗೆಯನ್ನಾದರೂ ನನಗೆ ಬಿಟ್ಟುಕೊಡಬಾರದಿತ್ತೇ ಅನ್ನಿಸಿತು. ಹಟಕ್ಕೆ ಇನ್ನೂ ಕೆಲವು ಕಡೆ ಕುಣಿದೆ. ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದೆದ್ದು ಕಾಲು ಊರಿದರೆ ನಿಲ್ಲಲಾಗಲಿಲ್ಲ. ಅವರು ಹೇಳಿದ್ದೇ ಸರಿಯಾಗಿತ್ತು. ಆಮೇಲೆ ವಿಜಯನಗರದಲ್ಲಿ ಚಿಕ್ಕ ಮಕ್ಕಳಿಗೆ ಕೂತುಕೊಂಡು ಪಾಠ ಹೇಳುವ ಟೀಚರಾದೆ. ಇವತ್ತಿಗೂ ಅದೇ.

ಡಾಕ್ಟರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಅದಕ್ಕೂ ಒಂದು ವರ್ಷ ಹಿಂದೆ ಅವರನ್ನು ಕೊನೆಯ ಸಲ ನೋಡಿದ್ದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಕ್ಲಿನಿಕ್ಕು ಮುಚ್ಚಿದ್ದರು. ಆ ಹೊತ್ತಿಗೆ ತಾಯಿ ಹೋಗಿದ್ದರು. ಪಾಠ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದವಳು ಏನೋ ತೋಚಿ ಅವರ ಬೀದಿಯಲ್ಲಿ ಇಳಿದೆ. ಪೇಷೆಂಟುಗಳು ಕೂರುತ್ತಿದ್ದ ಕಲ್ಲು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಹೆಸರು ಹೇಳಿದೆ. ಕೂತ್ಕೋ ಅಂದರು. ಇಬ್ಬರೂ ಸುಮಾರು ಹೊತ್ತು ಬೀದಿ ನೋಡಿಕೊಂಡು ಕೂತೆವು.

ನನ್ನೊಳಗೆ ಒಂದು ಪ್ರಶ್ನೆ ಇತ್ತು. ನನ್ನ ಕುಣಿತ ನಿಂತದ್ದಕ್ಕೆ ಊರೆಲ್ಲ ಕಾರಣ ಕೊಟ್ಟಿತ್ತು. ದೃಷ್ಟಿ, ಹಣೆಬರಹ, ಗ್ರಹಚಾರ, ಸರಿಯಿಲ್ಲದ ಅರೆಮಂಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನಂಬಿದ್ದೆ. ನನ್ನಲ್ಲೇ ಏನೋ ಕೊರತೆಯಿತ್ತು, ಯೋಗ್ಯತೆ ಇದ್ದವಳು ಹೀಗೆ ಬೀಳುತ್ತಿರಲಿಲ್ಲ ಎಂದು ರಾತ್ರಿ ಮಲಗಿದಾಗಲೆಲ್ಲ ಅನ್ನಿಸಿ ನಿದ್ದೆ ಹಾರಿಹೋಗುತ್ತಿತ್ತು. ಹೀಗೆಯೇ ಬಿಟ್ಟರೆ ಸಾಯುವವರೆಗೂ ಅನ್ನಿಸುತ್ತಲೇ ಇರುತ್ತದೆಂದು ಭಯವಾಗಿ ಕೇಳಿಬಿಟ್ಟೆ.

"ಡಾಕ್ಟ್ರೇ, ಮೊದಲನೇ ದಿನವೇ ಗೊತ್ತಾಗಿದ್ದಿದ್ರೆ ನಾನು ಈಗ ಕುಣೀತಾ ಇರ್ತಿದ್ನಾ?"

ಹೇಳಕ್ಕಾಗಲ್ಲಮ್ಮ ಅನ್ನಬಹುದಿತ್ತು. ಅದೂ ಸುಳ್ಳೇನಲ್ಲ. ಯಾವ ಡಾಕ್ಟರಾದರೂ ಹಾಗೆಯೇ ಹೇಳುತ್ತಿದ್ದರು, ನಾನೂ ತಲೆಯಾಡಿಸಿ ಎದ್ದು ಹೋಗುತ್ತಿದ್ದೆ. ಪಶುಪತಿ ಡಾಕ್ಟರು ಮಂಡಿಯ ಮೇಲೆ ಎರಡೂ ಕೈ ಊರಿಕೊಂಡು ನನ್ನ ಕಡೆ ತಿರುಗಿದರು. ಹಾಲಿನವನೊಬ್ಬ ಸೈಕಲ್ಲು ತಳ್ಳಿಕೊಂಡು ನಮ್ಮ ಮುಂದೆ ಹಾದು ಹೋದ.

"ಕುಣೀತಾ ಇರ್ತಿದ್ದೆ" ಅಂದರು. "ಬಿದ್ದಿದ್ದರಲ್ಲಿ ನಿಂದೇನೂ ಇಲ್ಲಮ್ಮ. ಕುಣಿಯೋರು ಬೀಳ್ತಾರೆ. ನೋಡ್ದೆ ಇದ್ದಿದ್ದು ನಾನು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಬೀದಿಯವರು ನೋಡುತ್ತಿದ್ದರೂ ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಅಳು ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದರು. ಆವತ್ತು ರಾತ್ರಿ ಊಟ ಮಾಡಿ ಮಲಗಿದವಳಿಗೆ ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿದ ಮೇಲೇ ಎಚ್ಚರವಾಯಿತು.